ಒರಾನಿಯನ್‌ಪ್ಲಾಟ್ಸ್‌ನ ಬೆಂಚು

ಬರ್ಲಿನ್‌ನಲ್ಲಿ ಐದು ದಿನ ಇದ್ದೆ. ಗೋಡೆ, ಮ್ಯೂಸಿಯಂ ಎಲ್ಲ ನೋಡಿದೆ. ಮನಸ್ಸಲ್ಲಿ ಕೂತಿದ್ದು ಮಾತ್ರ ಅಲ್ಲಿನ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಒಂದು ಪುಟ್ಟ ಪುಸ್ತಕದಂಗಡಿ.

ಮೊದಲು ಹೋಗಿದ್ದು ಭಾನುವಾರ. ಬಾಗಿಲಿಗೆ ಬೀಗ. ಅಲ್ಲಿ ಭಾನುವಾರ ಹೆಚ್ಚುಕಡಿಮೆ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ, ಕಾನೂನೇ ಹಾಗೆ. ಅರ್ಧ ದಿನ ಹಾಳಾಯಿತು, ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋದರೆ ಶನಿವಾರವೇ ಪುಸ್ತಕ ಕೊಂಡುಬಿಡಿ.

ಸೋಮವಾರ ಮತ್ತೆ ಹೋದೆ. ಜೆನ್ನಿ ಎರ್ಪೆನ್‌ಬೆಕ್ ಅವರ 'ಕೈರೋಸ್' ಕೈಗೆತ್ತಿಕೊಂಡೆ. 2024ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದ ಜರ್ಮನ್ ಕಾದಂಬರಿ. ಅಂಗಡಿಯ ಹಿರಿಯ ಹೆಂಗಸು ನೋಡಿ, "ಅದು ಒಳ್ಳೆಯದೇ. ಆದರೆ ಮೊದಲು ಇದನ್ನ ಓದಿ" ಅಂತ ಅದೇ ಲೇಖಕಿಯ 'ಗೋ, ವೆಂಟ್, ಗಾನ್' ಕೊಟ್ಟರು. ಸೂಸನ್ ಬರ್ನೋಫ್‌ಸ್ಕಿ ಅನ್ನುವ ಹೆಸರಿನ ಮೇಲೆ ಬೆರಳಿಟ್ಟು, "ಇಂಗ್ಲಿಷಿಗೆ ಅನುವಾದ ಮಾಡಿದವರು. ಇವರ ಹೆಸರೂ ನೆನಪಿರಲಿ" ಅಂದರು.

ಜರ್ಮನ್ ಹೆಸರನ್ನು ನನ್ನ ಬಾಯಲ್ಲೂ ಹೇಳಿಸಿದರು: 'ಗೇಹೆನ್, ಗಿಂಗ್, ಗೆಗಾಂಗೆನ್'. 'ಹೋಗು' ಅನ್ನುವ ಕ್ರಿಯಾಪದದ ಮೂರು ರೂಪಗಳು, ಹೊಸದಾಗಿ ಜರ್ಮನ್ ಕಲಿಯುವವರು ಬಾಯಿಪಾಠ ಮಾಡುತ್ತಾರಂತೆ. 'ಹೋಗು' ಯಾಕೆ 'ಹೋದ' ಆಗುತ್ತೆ ಅಂತ ಕನ್ನಡ ಕಲಿಯುವ ಗೆಳೆಯನೊಬ್ಬ ಕೇಳಿದ್ದು ನೆನಪಾಯಿತು.

"ಒರಾನಿಯನ್‌ಪ್ಲಾಟ್ಸ್ ಚೌಕ ಇಲ್ಲೇ ಹತ್ತಿರ. ಅಲ್ಲೇ ಕೂತು ಶುರುಮಾಡಿ" ಅಂದರು.

ಕೂತೆ. 2012ರಿಂದ 2014ರ ಏಪ್ರಿಲ್‌ವರೆಗೆ ನಿರಾಶ್ರಿತರು ಡೇರೆ ಹಾಕಿಕೊಂಡಿದ್ದ ಜಾಗ ಅದು. ಹೆಚ್ಚಿನವರು ಆಫ್ರಿಕಾದವರು. ಈಗ ಹುಲ್ಲು, ಮರ, ಬೆಂಚು, ಪಕ್ಕದಲ್ಲೇ ಎಂ29 ಬಸ್ಸಿನ ಓಡಾಟ. ಕಥೆಯ ರಿಚರ್ಡ್ ನಿವೃತ್ತ ಪ್ರೊಫೆಸರ್. ಉಪವಾಸ ಸತ್ಯಾಗ್ರಹ ಕೂತ ಕರಿಯ ನಿರಾಶ್ರಿತರ ಪಕ್ಕದಲ್ಲೇ ನಡೆದು ಹೋಗುತ್ತಾನೆ, ಅವರು ಅವನ ಕಣ್ಣಿಗೇ ಬೀಳುವುದಿಲ್ಲ. ಸಂಜೆ ಟಿವಿಯಲ್ಲಿ ನೋಡಿದಾಗಲೇ ಗೊತ್ತಾಗುವುದು. ಆಮೇಲೆ ಪ್ರಶ್ನೆಗಳನ್ನು ಬರೆದುಕೊಂಡು ಅವರನ್ನು ಹುಡುಕಿಕೊಂಡು ಹೋಗುತ್ತಾನೆ. ಅವನು ಪೂರ್ವ ಜರ್ಮನಿಯವನು. ಅವನ ದೇಶ 1990ರಲ್ಲಿ ಪಶ್ಚಿಮ ಜರ್ಮನಿಯೊಳಗೆ ಸೇರಿ ಇಲ್ಲವಾಗಿತ್ತು, ಅವನು ಊರು ಬಿಟ್ಟು ಕದಲದೇನೇ. ಅದು ಹೊಳೆದಾಗ ಪುಸ್ತಕ ಮಡಿಲಲ್ಲಿಟ್ಟು ಸುಮ್ನೆ ಕೂತುಬಿಟ್ಟೆ. ಈಗಿನ ಜರ್ಮನ್ ಕಾದಂಬರಿ ಎಲ್ಲಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ.

ಮರುದಿನ ಥ್ಯಾಂಕ್ಸ್ ಹೇಳೋಕೆ ಹೋದೆ. "ನಿಮ್ಮ ಭಾಷೆಯಿಂದ ನಾನೇನು ಓದಲಿ?" ಅಂತ ಕೇಳಿದರು. ಎದೆ ತುಂಬಿ ಬಂತು. 'ಕೈರೋಸ್'ನ ಮರುವರ್ಷ, 2025ರಲ್ಲಿ, ಅದೇ ಬೂಕರ್ ನಮ್ಮ ಕನ್ನಡದ ಕಥೆಗಳಿಗೆ ಬಂದಿತ್ತಲ್ವಾ! ಬಿಲ್ಲಿನ ಹಿಂದೆ 'ಹಾರ್ಟ್ ಲ್ಯಾಂಪ್' ಅಂತ ಬರೆದೆ. ಕೆಳಗೆ ಬಾನು ಮುಷ್ತಾಕ್ ಅಂತ ಬರೆದೆ. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ದೀಪಾ ಭಾಸ್ತಿ.