ಋಷಿಮೂಲ ಬೇಡ, ಸೆಲ್‌ಮೂಲ ಬೇಕು

ಕೋರ್ಸ್‌ವರ್ಕ್‌ನ ಮೊದಲ ಕ್ಲಾಸಿನಲ್ಲಿ ನಾನು ಯಾರಿಗೂ ಪಿಪೆಟ್ ಮುಟ್ಟಲು ಬಿಡುವುದಿಲ್ಲ. ಒಂದೊಂದು ಬಿಳಿ ಹಾಳೆ ಕೊಡುತ್ತೇನೆ. ನಿಮ್ಮ ಪಿಎಚ್‌ಡಿಯ ಪ್ರಶ್ನೆ ಏನು ಬರೆಯಿರಿ. ಯಾವ ಉತ್ತರ ಬಂದರೆ ಈ ಕೆಲಸ ಕೈಬಿಡುತ್ತೀರಿ, ಅದನ್ನೂ ಬರೆಯಿರಿ. ಮೊದಲನೆಯದಕ್ಕೆ ಎಲ್ಲರೂ ಅರ್ಧ ಪುಟ ತುಂಬಿಸುತ್ತಾರೆ. ಎರಡನೆಯದಕ್ಕೆ ಪೆನ್ನು ಕಚ್ಚುತ್ತಾ ಕೂರುತ್ತಾರೆ.

ಈ ಸಲ ಏಳು ಜನ. ಹಾವೇರಿ ಕಡೆಯ ಒಬ್ಬ ಹುಡುಗಿ ಬರೆದದ್ದು: ಅಮೃತಬಳ್ಳಿಯ ರಸಕ್ಕೆ ಬಾಯಿ ಕ್ಯಾನ್ಸರ್ ಸೆಲ್‌ಗಳನ್ನು ಕೊಲ್ಲುವ ಶಕ್ತಿ ಇದೆಯೇ?

"ಕೊಲ್ಲುತ್ತೆ ಬಿಡಮ್ಮ. ಬ್ಲೀಚಿಂಗ್ ಪೌಡರ್ ನೀರು ಹಾಕಿದರೂ ಸಾಯುತ್ತವೆ. ಒಳ್ಳೆ ಸೆಲ್‌ಗಳನ್ನು ಬಿಟ್ಟು ಕೆಟ್ಟವನ್ನು ಮಾತ್ರ ಕೊಲ್ಲುತ್ತಾ? ಅದು ಪ್ರಶ್ನೆ. ಇರಲಿ, ಯಾವ ಸೆಲ್ ತಗೊಂಡಿದ್ದೀಯಾ?"

"ಕೆಬಿ, ಮೇಡಂ. ಪಕ್ಕದ ಲ್ಯಾಬ್‌ನಲ್ಲಿ ಇದೆ, ಕೊಡ್ತಾರಂತೆ."

ನನಗೆ ಹೊಟ್ಟೆಯೊಳಗೆ ಒಂದು ಸಲ ಹಿಂಡಿದಂತಾಯಿತು. ಕೆಬಿ ಒಂದು ಸೆಲ್ ಲೈನ್. ಅಂದರೆ ಒಬ್ಬ ರೋಗಿಯಿಂದ ತೆಗೆದು, ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಬಂದ ಜೀವಕೋಶಗಳ ಸಂತತಿ. ಅದು ಬಾಯಿ ಕ್ಯಾನ್ಸರಿನದು ಎಂದು 1950ರ ದಶಕದಲ್ಲಿ ಹೆಸರಾಯಿತು. ನಿಜಕ್ಕೂ ಅದು ಹೀಲಾ. ಅಂದರೆ ಗರ್ಭಕೊರಳಿನ ಕ್ಯಾನ್ಸರ್.

1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳು ಬಂದಿದ್ದರು. ಅವರನ್ನು ಒಂದು ಮಾತೂ ಕೇಳದೆ ಅವರ ಗಡ್ಡೆಯ ತುಣುಕು ಲ್ಯಾಬಿಗೆ ಹೋಯಿತು. ಅವರು ಅದೇ ವರ್ಷ ತೀರಿಕೊಂಡರು. ಸೆಲ್‌ಗಳು ಮಾತ್ರ, ಅವರ ಹೆಸರಿನಿಂದಲೇ ಹುಟ್ಟಿದ ಹೀಲಾ ಎಂಬ ಹೆಸರಲ್ಲಿ, ಬೆಳೆಯುತ್ತಲೇ ಹೋದವು. ಒಪ್ಪಿಗೆ ಪತ್ರದ ಪಾಠವನ್ನು ನಾನು ಶುರು ಮಾಡುವುದೂ ಇವರ ಕಥೆಯಿಂದಲೇ. ಈ ಸೆಲ್‌ಗಳ ಜೋರು ಎಷ್ಟೆಂದರೆ, ಒಂದು ಹನಿ ತಪ್ಪಿ ಬೇರೆ ಫ್ಲಾಸ್ಕಿಗೆ ಬಿದ್ದರೂ ಸಾಕು. ಕೆಲವು ವಾರದಲ್ಲಿ ಮನೆಯವರನ್ನು ಹೊರಗೆ ಹಾಕಿ ತಾವೇ ಯಜಮಾನರಾಗುತ್ತವೆ. ಹೊರಗಿನ ಲೇಬಲ್ ಹಾಗೇ ಇರುತ್ತದೆ. 1966ರಲ್ಲಿ ಸ್ಟಾನ್ಲಿ ಗಾರ್ಟ್ಲರ್ ಎಂಬ ವಿಜ್ಞಾನಿ ಒಂದು ಸಭೆಯಲ್ಲಿ, ತುಂಬಾ ಬಳಕೆಯಲ್ಲಿದ್ದ 18 ಸೆಲ್ ಲೈನ್‌ಗಳು ಹೀಲಾ ಇರಬಹುದು ಎಂದು ತೋರಿಸಿದರು. ಅಷ್ಟು ಹಳೆಯ ಸುದ್ದಿ. ಆದರೂ ಕೆಬಿ ಇವತ್ತಿಗೂ ಬಾಯಿ ಕ್ಯಾನ್ಸರ್ ಎಂಬ ಹೆಸರಲ್ಲಿ ಪೇಪರ್‌ಗಳಲ್ಲಿ ಬರುತ್ತಿರುತ್ತದೆ.

ಋಷಿಮೂಲ, ನದಿಮೂಲ ಕೇಳಬಾರದು ಅಂತಾರಲ್ವಾ? ಸೆಲ್‌ಮೂಲ ಮಾತ್ರ ಕೇಳಲೇಬೇಕು.

ಇಷ್ಟು ಜೋರಾಗಿ ಹೇಳಲು ಕಾರಣ ನಾನೇ. ನನ್ನ ಪಿಎಚ್‌ಡಿಯಲ್ಲಿ ಹೆಪ್-2 ಎಂಬ ಸೆಲ್ ತಗೊಂಡಿದ್ದೆ, ಗಂಟಲು ಕ್ಯಾನ್ಸರ್ ಎಂದುಕೊಂಡು. ಪರಿಚಯದವರ ಲ್ಯಾಬ್‌ನಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ. ವಯಲ್ ಎಂಬ ಪುಟ್ಟ ಸೀಸೆಯ ಮೇಲೆ ನೀಲಿ ಮಾರ್ಕರ್‌ನಲ್ಲಿ ಬರೆದ ಹೆಸರು ಬಿಟ್ಟರೆ ಇನ್ನೇನೂ ಇರಲಿಲ್ಲ. ಎರಡು ವರ್ಷ ದುಡಿದೆ. ಒಂದು ಸಮ್ಮೇಳನದಲ್ಲಿ ನನ್ನ ಕೆಲಸದ ಪೋಸ್ಟರ್ ಹಾಕಿದಾಗ ವಯಸ್ಸಾದ ಒಬ್ಬರು ಕನ್ನಡಕ ಸರಿಮಾಡಿಕೊಂಡು ಓದಿದರು. "ಇದು ಹೀಲಾ ಅಲ್ವೇನಮ್ಮಾ?" ಅಂದರು. ಬೈಯಲಿಲ್ಲ, ಪಾಪ. ಕಾಫಿ ತಗೊಳ್ಳೋಕೆ ಹೋದರು. ನಾನು ಎಸ್‌ಟಿಆರ್ ಪರೀಕ್ಷೆಗೆ ಕಳಿಸಿದೆ. ಪೊಲೀಸರು ಅಪರಾಧಿಯ ಡಿಎನ್‌ಎ ಹೊಂದಿಸಿ ನೋಡುವ ಅದೇ ಪರೀಕ್ಷೆ. ಹೀಲಾ ಎಂದೇ ಬಂತು. "ಎಲ್ಲರೂ ಬಳಸ್ತಾರೆ, ಸುಮ್ನೆ ಬರಿ" ಅಂದವರೂ ಇದ್ದರು. ಎರಡು ಅಧ್ಯಾಯ ತೆಗೆದು ಹಾಕಿದೆ. ಥೀಸಿಸ್ ಒಂದೂವರೆ ವರ್ಷ ತಡವಾಯಿತು. ಮದುವೆಯೂ ಮುಂದೆ ಹೋಯಿತು, ಅದು ಬೇರೆ ಕಥೆ.

ಎರಡನೇ ಕ್ಲಾಸು ಎಣಿಸುವುದರ ಬಗ್ಗೆ. ಇಲ್ಲಿ ನನಗೆ ತಾಳ್ಮೆ ಕಮ್ಮಿ. ಸೆಲ್ ಬೆಳೆಸುವ ಒಂದೇ ಪ್ಲೇಟಿನ ಆರು ವೆಲ್‌ಗಳಿಗೆ, ಅಂದರೆ ಗುಳಿಗಳಿಗೆ, ಮದ್ದು ಹಾಕಿ "ಆರು ಸಲ ಮಾಡಿದೆ ಮೇಡಂ" ಅನ್ನುತ್ತಾರೆ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ನಿಜ. ಆರು ಅಗುಳು ಹಿಚುಕಿದರೂ ಗೊತ್ತಾಗುವುದು ಈ ಪಾತ್ರೆಯ ವಿಚಾರವೇ. ನಾಳೆ ಬೇರೆ ಅಕ್ಕಿ, ಬೇರೆ ನೀರು, ಬೇರೆ ಕೈ ಇದ್ದಾಗಲೂ ಬೇಯುತ್ತದಾ? ಅದಕ್ಕೆ ಬೇರೆ ದಿನ, ಹೊಸದಾಗಿ ಬೆಳೆಸಿದ ಸೆಲ್, ಹೊಸದಾಗಿ ಬೆರೆಸಿದ ಮದ್ದು ಬೇಕು. ಇಲಿಗಳ ವಿಷಯಕ್ಕೆ ಬಂದರೆ, ಯಾವ ಇಲಿಗೆ ಮದ್ದು, ಯಾವುದಕ್ಕೆ ಬರೀ ನೀರು ಎಂದು ಚೀಟಿ ಎತ್ತಬೇಕು. ಗಡ್ಡೆ ಅಳೆಯುವವರಿಗೆ ಅದು ಗೊತ್ತಿರಬಾರದು. ಕೈಗೆ ಮೊದಲು ಸಿಕ್ಕ ಇಲಿ ಅಂದರೆ ಓಡಲಾರದ ಇಲಿ ಇರಬಹುದಲ್ವಾ?

ಇದೆಲ್ಲ ಅತಿಯಾಯಿತು ಎಂದು ಮುಖ ಸಿಂಡರಿಸಿದವರಿಗೆ 2012ರ ಒಂದು ಲೆಕ್ಕ ಹೇಳುತ್ತೇನೆ. ಆಮ್ಜೆನ್ ಎಂಬ ಔಷಧ ಕಂಪನಿಯ ವಿಜ್ಞಾನಿಗಳು ಕ್ಯಾನ್ಸರಿನ 53 ಹೆಸರಾಂತ ಸಂಶೋಧನೆಗಳನ್ನು ಮತ್ತೆ ಮಾಡಿ ನೋಡಲು ಹೊರಟರು. ಅದೇ ಫಲ ಸಿಕ್ಕಿದ್ದು 6ರಲ್ಲಿ ಮಾತ್ರ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂದು ಕೇಳಿದರೆ ನಾನು ತೋರಿಸುವುದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯದು. ಬಾಯಿ ಕ್ಯಾನ್ಸರ್ ಶುರುವಿನಲ್ಲೇ ಸಿಕ್ಕಿದೆ, ಕತ್ತಿನಲ್ಲಿ ಗಂಟು ಕಾಣುತ್ತಿಲ್ಲ. ಮೊದಲ ಆಪರೇಷನ್‌ನಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕಾ, ಗಂಟು ಬಂದಮೇಲೆ ನೋಡಿದರಾಯಿತಾ? ಸರ್ಜನ್‌ಗಳು ಹತ್ತಾರು ವರ್ಷ ವಾದ ಮಾಡಿದ ವಿಷಯ ಇದು. ಹೊಸ ಮದ್ದಿಲ್ಲ, ಹೊಸ ಯಂತ್ರವಿಲ್ಲ. ಅಡಿಕೆ, ಗುಟ್ಕಾ ಜಗಿಯುವ ನಮ್ಮ ದೇಶಕ್ಕೆ ಬೇಕೇ ಬೇಕಾದ ಪ್ರಶ್ನೆ. 2004ರಿಂದ ರೋಗಿಗಳನ್ನು ಸೇರಿಸಿಕೊಂಡರು. 2015ರಲ್ಲಿ ಮೊದಲ 500 ಜನರ ಫಲ ಪ್ರಕಟವಾಯಿತು. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು 80%. ಕಾದವರಲ್ಲಿ 67.5%. ಈ ಪ್ರಶ್ನೆಯನ್ನು ನಮ್ಮ ಅಜ್ಜಿಗೆ ಹೇಳಿದರೂ ಅರ್ಥವಾಗುತ್ತಿತ್ತು.

ಹಾವೇರಿ ಹುಡುಗಿ ಹೋದ ವಾರ ನನ್ನ ರೂಮಿಗೆ ಬಂದಳು. ಸಿನಾಪ್ಸಿಸ್‌ನಲ್ಲಿ ಕೆಬಿ ಎಂದೇ ಬರೆದು ಕೊಟ್ಟಾಗಿದೆ, ಈಗ ಬದಲಿಸಿದರೆ ಕಮಿಟಿಯವರು ಏನಂತಾರೋ ಎಂದು ಅವಳಿಗೆ ಹೆದರಿಕೆ. ಇಬ್ಬರೂ ಕೂತು ಪತ್ರ ಬರೆದೆವು. ನಾಲ್ಕೇ ಸಾಲು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ (ಎನ್‌ಸಿಸಿಎಸ್) ಸೆಲ್ ಭಂಡಾರದಿಂದ ಬೇರೆ ಸೆಲ್ ತರಿಸುವುದು, ಬಂದ ಕೂಡಲೇ ಎಸ್‌ಟಿಆರ್ ಮಾಡಿಸುವುದು, ಜೊತೆಗೆ ಕ್ಯಾನ್ಸರ್ ಇಲ್ಲದ ಸೆಲ್ ಒಂದನ್ನೂ ಇಟ್ಟುಕೊಳ್ಳುವುದು. ಬಿಳಿ ಹಾಳೆಯ ಎರಡನೇ ಪ್ರಶ್ನೆಗೆ ಅವಳು ಆಗ ಉತ್ತರ ಬರೆದಳು: ಎರಡೂ ಸೆಲ್ ಒಂದೇ ಅಳತೆಯ ರಸಕ್ಕೆ ಸತ್ತರೆ ಬಿಡುತ್ತೇನೆ. ಬರೆದು ಒಂದು ನಿಮಿಷ ನೋಡುತ್ತಾ ಕೂತಳು.

"ಬಿಟ್ಟರೆ ಆಮೇಲೆ ಏನ್ ಮಾಡೋದು ಮೇಡಂ?"

ಇನ್ನೊಂದು ಬಿಳಿ ಹಾಳೆ ಕೊಟ್ಟೆ.