ಭಾನುವಾರ ಪೂಜೆ ಇದೆಯಲ್ಲ, ಮತ್ತೆ ವಾರ್ಡಿನ ಕೂಟ ಯಾಕೆ?

“ಭಾನುವಾರ ಚರ್ಚಿಗೆ ಹೋಗಿ ಬರ್ತೀರಿ. ಮತ್ತೆ ಸಂಜೆ ಯಾರದೋ ಮನೆಯಲ್ಲಿ ಬೈಬಲ್ ಹಿಡಿದು ಕೂರೋದು ಯಾಕೆ?” ಉಡುಪಿಯ ಗೆಳೆಯರು ಆಗಾಗ ಕೇಳುತ್ತಾರೆ. ನಮ್ಮ ಚರ್ಚಿನವರೇ ಕೇಳುವುದು ಇನ್ನೂ ಜಾಸ್ತಿ.

ಪೂಜೆಯಲ್ಲಿ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗ) ಓದುವವರು, ಪ್ರವಚನ ಕೊಡುವವರು ಚರ್ಚಿನ ಗುರುಗಳು. ನಾವು ಕೇಳುತ್ತೇವೆ. ಅದು ಬೇಕೇ ಬೇಕು. ಆದರೆ ಅದೇ ವಾಕ್ಯ ಪಕ್ಕದ ಮನೆಯವರ ಬದುಕಿನಲ್ಲಿ ಏನು ಮಾಡಿತು ಅಂತ ಅಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ನಾನು ವಾರ್ಡಿನ ಕೂಟಕ್ಕೆ ಹೋಗುವುದು.

ಒಂದು ಚರ್ಚಿನ ಮನೆಗಳನ್ನು ವಾರ್ಡುಗಳಾಗಿ ಹಂಚಿ ಗುರಿಕಾರರನ್ನು, ಅಂದರೆ ವಾರ್ಡಿನ ಮುಖ್ಯಸ್ಥರನ್ನು, ಇಡುವುದು ನಮ್ಮ ಕರಾವಳಿಯಲ್ಲಿ ಹಳೆಯ ಪದ್ಧತಿ. ಈಗ ಅದೇ ನೆರೆಹೊರೆಯವರು ಕಿರು ಕ್ರೈಸ್ತ ಸಮುದಾಯವಾಗಿ ಸೇರುತ್ತಾರೆ. 1970ರ ದಶಕದಲ್ಲಿ ಪೂರ್ವ ಆಫ್ರಿಕಾದ ಕಥೋಲಿಕ ಬಿಷಪರು ಇಂಥ ಸಮುದಾಯಗಳಿಗೆ ಒತ್ತು ಕೊಟ್ಟರು. 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಬಿಷಪರು ಕೂಡ ಎಲ್ಲರೂ ಪಾಲುಗೊಳ್ಳುವ ಧರ್ಮಸಭೆ (ಚರ್ಚ್) ಬೇಕು ಎಂದರು.

ಕೂಟದಲ್ಲಿ ಬಳಸುವ ಏಳು ಹೆಜ್ಜೆಗಳ ಕ್ರಮ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯದು. ಮೊದಲು ಯಾರಾದರೂ ಪ್ರಾರ್ಥನೆ ಮಾಡಿ ಯೇಸುವನ್ನು ಕರೆಯುತ್ತಾರೆ. ಶುಭಸಂದೇಶ ಓದುತ್ತೇವೆ. ಆಮೇಲೆ ಮನಸ್ಸಿಗೆ ಹಿಡಿದ ಪದವನ್ನೋ ಸಾಲನ್ನೋ ಒಬ್ಬೊಬ್ಬರು ಜೋರಾಗಿ ಹೇಳುತ್ತಾರೆ, ಅಷ್ಟೇ, ವಿವರಣೆ ಇಲ್ಲ. ನಂತರ ಕೆಲವು ನಿಮಿಷ ಮೌನ. ಐದನೆಯದು ಹಂಚಿಕೊಳ್ಳುವುದು. ಇಲ್ಲಿ ಉಪದೇಶ ಕೂಡದು, ವಾದ ಕೂಡದು. “ನೀವು ಹೀಗಿರಬೇಕು” ಅನ್ನುವಂತಿಲ್ಲ, “ನನಗೆ ಹೀಗನ್ನಿಸಿತು” ಅನ್ನಬೇಕು. ಈ ಕಟ್ಟಳೆ ಇರುವುದರಿಂದಲೇ ಎಂದೂ ಬಾಯಿ ಬಿಡದವರು ಮಾತಾಡುತ್ತಾರೆ.

ಒಮ್ಮೆ ಮಾರ್ತಾ, ಮರಿಯಳ ಕಥೆ ಓದಿದ್ದೆವು. ಲೂಕನ ಶುಭಸಂದೇಶದ 10ನೇ ಅಧ್ಯಾಯದ್ದು. ಯೇಸು ಮನೆಗೆ ಬಂದಾಗ ತಂಗಿ ಮರಿಯ ಕೂತು ಅವರ ಮಾತು ಕೇಳುತ್ತಾಳೆ, ಉಪಚಾರದ ಕೆಲಸವೆಲ್ಲ ತನ್ನೊಬ್ಬಳ ಮೇಲೆ ಬಿತ್ತೆಂದು ಮಾರ್ತಾ ದೂರುತ್ತಾಳೆ. ಒಬ್ಬ ಹಿರಿಯ ಅಮ್ಮ, “ಮಾರ್ತಾಳ ಸಿಟ್ಟು ನನಗೆ ಗೊತ್ತುಂಟು. ಕೂಟ ನಮ್ಮ ಮನೆಯಲ್ಲಿ ಆದಾಗಲೆಲ್ಲ ನಾನು ಅಡುಗೆಮನೆಯಲ್ಲೇ ಇರ್ತೇನೆ” ಎಂದರು. ಆ ವಾಕ್ಯದ ಮೇಲೆ ಎಷ್ಟೋ ಪ್ರವಚನ ಕೇಳಿದ್ದೆ, ಇದು ಯಾರಿಗೂ ಹೊಳೆದಿರಲಿಲ್ಲ. ಆರನೇ ಹೆಜ್ಜೆ, ನಾವೀಗ ಏನು ಮಾಡಬೇಕು ಎಂಬುದು. ಇನ್ನು ಯಾರ ಮನೆಯಲ್ಲಾದರೂ ಬರೀ ಚಾ ಸಾಕು ಅಂತ ಅಂದೇ ತೀರ್ಮಾನವಾಯಿತು. ಮಕ್ಕಳು ಗಲ್ಫಿನಲ್ಲಿ ಇದ್ದು ಒಂಟಿಯಾಗಿರುವ ಹಿರಿಯರನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುವುದು ಎಂಬುದೂ ಇದೇ ಹೆಜ್ಜೆಯಲ್ಲಿ ಮಾತಿಗೆ ಬರುತ್ತದೆ. ಕೊನೆಗೆ ಪ್ರಾರ್ಥನೆ.

ಕೆಲವು ಕಡೆ ಐದು, ಆರನೇ ಹೆಜ್ಜೆ ಬಿಟ್ಟು ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿ ಎದ್ದುಬಿಡುತ್ತಾರೆ. ನನಗೆ ಅದು ತುಂಬಾ ನಷ್ಟ ಅನ್ನಿಸುತ್ತದೆ. ತೇರ್ಸ್ ಮನೆಯಲ್ಲೂ ಹೇಳಬಹುದು, ಅಲ್ವಾ?

“ಬೈಬಲ್ ಅಷ್ಟು ಗೊತ್ತಿಲ್ಲ, ಬರಲಾ?” ಅಂತ ಕೇಳುವವರಿಗೆ ಹೇಳುವುದು ಇಷ್ಟೇ: ಖಂಡಿತ ಬನ್ನಿ. ನಿಮ್ಮ ಗುರಿಕಾರರನ್ನು ಕೇಳಿದರೆ ಮುಂದಿನ ಕೂಟ ಯಾರ ಮನೆಯಲ್ಲಿ ಅಂತ ಹೇಳುತ್ತಾರೆ. ಮೊದಲ ಸಲ ಸುಮ್ನೆ ಕೂತು ಕೇಳಿದರೂ ಆಯಿತು.