ಅಶ್ವತ್ಥ್ ಕ್ಯಾಸೆಟ್‌ನಿಂದ ವಾದ್ಯವೃಂದಕ್ಕೆ: ಹಾಸನದ ಕೆಲಸ ಎಲ್ಲಿಗೆ ಬಂತು

ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್ ಹುಟ್ಟಿದ್ದು ಇದೇ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ತೀರಿಕೊಂಡದ್ದು 2009ರಲ್ಲಿ, ಅದೇ ಡಿಸೆಂಬರ್ 29ರಂದೇ. ಅವರ ರಾಗಸಂಯೋಜನೆಗಳನ್ನು ಹಳೆಯ ಕ್ಯಾಸೆಟ್‌ಗಳಿಂದ ಕೇಳಿ ಸ್ವರಲಿಪಿಗೆ ಇಳಿಸಿ, ಏಳು ವಾದ್ಯಗಳ ಸಣ್ಣ ವೃಂದಕ್ಕೆ ಹೊಂದಿಸುವುದು ನಮ್ಮ ಈ ಕೆಲಸ. ಒಟ್ಟು 14 ಕ್ಯಾಸೆಟ್. 11 ಕಂಪ್ಯೂಟರಿಗೆ ಏರಿವೆ, 9 ಹಾಡುಗಳ ಸ್ವರಲಿಪಿ ಮುಗಿದಿದೆ. ರೆಕಾರ್ಡಿಂಗ್‌ಗಳ ಹಕ್ಕು ಕಂಪನಿಗಳದ್ದು, ಹಾಗಾಗಿ ಈ ಫೈಲುಗಳು ಅಭ್ಯಾಸಕ್ಕೆ ಮಾತ್ರ. ಯಾರಿಗೂ ಹಂಚುವುದಿಲ್ಲ.

ಮೇ: ಡೆಕ್

ಹಾಡು ಕೇಳುವುದಕ್ಕೆ ಮೊದಲು ಕ್ಯಾಸೆಟ್ ಓಡಿಸುವ ಯಂತ್ರ, ಅಂದರೆ ಡೆಕ್, ಸರಿಯಾಗಬೇಕು. ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂ.ಮೀ. 3150 ಹರ್ಟ್ಸ್ ನಾದವಿರುವ ಟೆಸ್ಟ್ ಟೇಪ್ ಹಾಕಿದಾಗ ನಮ್ಮ ಡೆಕ್ ತೋರಿಸಿದ್ದು 3077. ಅಂದರೆ ಶೇ 2.3ರಷ್ಟು ನಿಧಾನ. ಕೇಳುವುದಕ್ಕೆ ಇದು ಏನೂ ಅಲ್ಲ ಅನ್ನಿಸುತ್ತದೆ. ಸ್ವರ ಬರೆಯುವವರಿಗೆ ಮಾತ್ರ ಶ್ರುತಿ 40 ಸೆಂಟ್ ಇಳಿದಂತೆ. ಹಾರ್ಮೋನಿಯಂನ ಬಿಳಿ ಕೀಲಿಯಿಂದ ಪಕ್ಕದ ಕರಿ ಕೀಲಿಗೆ, ಅಂದರೆ ಅರ್ಧ ಮನೆಗೆ, 100 ಸೆಂಟ್. ಅದರ ಹತ್ತಿರ ಹತ್ತಿರ ಅರ್ಧದಷ್ಟು. ಒಂದೂವರೆ ಮನೆಯೋ ಒಂದೇ ಮನೆಯೋ ಎಂಬ ಜಗಳ ಹುಟ್ಟುವುದು ಇಲ್ಲೇ. ಕಾರಣ ಸಡಿಲವಾದ ರಬ್ಬರ್ ಬೆಲ್ಟ್. ಬೆಲ್ಟ್ ಬದಲಿಸಿದ ಮೇಲೆ ಉಳಿದ ಸಣ್ಣ ವ್ಯತ್ಯಾಸವನ್ನು ಮೋಟರಿನ ಹಿಂದಿನ ತೂತಿನಲ್ಲಿರುವ ತಿರುಪಿನಿಂದ ಸರಿಪಡಿಸಲಾಯಿತು.

ಹಾಡಿನ ಹಿಂದೆ ಸಣ್ಣಗೆ ಕೇಳುವ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯನ್ನು ಅಳತೆಗೋಲು ಮಾಡಿಕೊಳ್ಳುವ ಅಡ್ಡದಾರಿ ಒಂದಿದೆ. ನಮ್ಮ ದೇಶದ ಎಂಬತ್ತರ ದಶಕದ ರೆಕಾರ್ಡಿಂಗ್‌ಗಳಿಗೆ ಅದು ಬೇಡ. ಆಗಿನ ವಿದ್ಯುತ್ ಜಾಲ 50ರಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಹರ್ಟ್ಸ್ ಆಚೀಚೆಯಾದರೆ ಶೇ 2ರ ತಪ್ಪು.

ಶುಚಿ ಮಾಡಲು, ದನಿ ಓದುವ ಹೆಡ್ ಮತ್ತು ಟೇಪ್ ಎಳೆಯುವ ಕಡ್ಡಿಯಾದ ಕ್ಯಾಪ್‌ಸ್ಟನ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್, ರಬ್ಬರ್ ರೋಲರಿಗೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ. ಆಲ್ಕೊಹಾಲ್ ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಹೆಡ್‌ನ ಓರೆ ಸರಿಪಡಿಸುವ ಅಜಿಮತ್ ತಿರುಪನ್ನು ಪ್ರತಿ ಕ್ಯಾಸೆಟ್‌ಗೂ ಬೇರೆಯಾಗಿ ಹೊಂದಿಸಬೇಕು: ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಸುತ್ತಿನ ಎಂಟನೇ ಒಂದು ಭಾಗದಷ್ಟೇ ತಿರುಗಿಸುವುದು. 'ಸ', 'ಶ' ಅಕ್ಷರಗಳು ಮೊನಚಾಗಿ ಕೇಳಿದಲ್ಲಿ ನಿಲ್ಲಿಸುವುದು. ಸ್ಟೀರಿಯೋದಲ್ಲಿ ಈ ತಪ್ಪು ಅಡಗಿಕೊಳ್ಳುತ್ತದೆ.

ಜೂನ್, ಜುಲೈ: ಬೂಸ್ಟು, ಪ್ಯಾಡು, ಫೈಲು

ಸಕಲೇಶಪುರದ ಕಡೆಯಿಂದ ಬಂದ ಐದು ಕ್ಯಾಸೆಟ್‌ಗಳ ಟೇಪ್ ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು. ಹಾಗೇ ಓಡಿಸಿದರೆ ಪುಡಿ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಮೊದಲು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಹತ್ತು ದಿನ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತುತ್ತಾ ಮೆದು ಬ್ರಷ್‌ನಿಂದ ಅಂಚು ಒರೆಸುವುದು. ಐದರಲ್ಲಿ ಎರಡು ಹೀಗೆ ಉಳಿದವು.

ಇನ್ನೊಂದು ಕ್ಯಾಸೆಟ್‌ನಲ್ಲಿ ದನಿ ಮಂಕಾಗಿ, ಬಂದುಹೋಗಿ ಆಗುತ್ತಿತ್ತು. ಟೇಪ್ ಹಾಳಾಗಿರಲಿಲ್ಲ, ಅದನ್ನು ಹೆಡ್‌ಗೆ ಒತ್ತುವ ಪ್ಯಾಡ್ ಕಳಚಿ ಬಿದ್ದಿತ್ತು. ಚಿಪ್ಪು ಅಂಟಿಸಿದ್ದಾಗಿದ್ದರಿಂದ ಬಿಡಿಸಿ, ಐದು ತಿರುಪಿನ ಬೇರೆ ಚಿಪ್ಪಿಗೆ ಟೇಪ್ ವರ್ಗಾಯಿಸಬೇಕಾಯಿತು.

ರೆಕಾರ್ಡ್ ಮಾಡಿದ್ದು 24 ಬಿಟ್, 48 ಕಿಲೋಹರ್ಟ್ಸ್, ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ದಾಟದಂತೆ. ಅಶ್ವತ್ಥ್ ತಾರಸ್ಥಾಯಿಗೆ ಏರಿದಾಗ ದನಿ ಒಮ್ಮೆಲೇ ಚಿಮ್ಮುತ್ತದೆ. ಪಲ್ಲವಿ ನೋಡಿ ಮಟ್ಟ ಇಟ್ಟುಕೊಂಡರೆ ಚರಣದಲ್ಲಿ ಒಡೆಯುವುದು ಖಂಡಿತ. ಅವರದ್ದೇ ಏರಿದ ಜಾಗ ಹುಡುಕಿ ಅದಕ್ಕೆ ಮಟ್ಟ ಹೊಂದಿಸಬೇಕು. ವೇಗ ತಿದ್ದುವಾಗ ಧ್ವನಿ ತಿದ್ದುವ ತಂತ್ರಾಂಶವಾದ ಅಡಾಸಿಟಿಯಲ್ಲಿ ಸ್ಪೀಡ್ ಬದಲಿಸುವ ಆಯ್ಕೆಯನ್ನೇ ಬಳಸಬೇಕು. ಪಿಚ್ (ಶ್ರುತಿ) ಮಾತ್ರ ಬದಲಿಸಿದರೆ ಲಯ ನಿಧಾನವಾಗಿಯೇ ಉಳಿಯುತ್ತದೆ. ಗದ್ದಲ ತೆಗೆಯುವುದು 6 ಡೆಸಿಬಲ್‌ಗೆ ಸಾಕು. 12ಕ್ಕೆ ಹೋದಾಗ ತಂಬೂರಿಯ ಝೇಂಕಾರವೂ ಹಾಡುಗಾರನ ಉಸಿರೂ ಮಾಯವಾದವು. ಈ ಕೆಲಸಕ್ಕೆ ಉಸಿರು ಬೇಕೇ ಬೇಕು.

ಆಗಸ್ಟ್: ಸ್ವರಲಿಪಿ

ಮೊದಲ ಮೂರು ಹಾಡುಗಳನ್ನು ಸ್ವರ ಮತ್ತು ಸಾಹಿತ್ಯದ ಎರಡು ಸಾಲಿನಲ್ಲಿ ಬರೆದು ಹಾಡಿಸಿದಾಗ ಸ್ವರವೆಲ್ಲ ಸರಿಯಿತ್ತು, ಹಾಡು ಮಾತ್ರ ಅಶ್ವತ್ಥರದ್ದಾಗಿರಲಿಲ್ಲ. ಅವರು ದೇವಗಿರಿ ಶಂಕರರಾವ್ ಜೋಶಿ ಅವರಲ್ಲಿ ಹಿಂದೂಸ್ತಾನಿ ಕಲಿತವರು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ (ಐಟಿಐ) ದುಡಿಯುತ್ತಲೇ ನಾಟಕಗಳಿಗೆ ಸಂಗೀತ ಕೊಟ್ಟವರು. ಮೊದಲು ಸಂಗೀತ ನೀಡಿದ ಚಿತ್ರ 1977ರ 'ಕಾಕನ ಕೋಟೆ' ಕೂಡ ಮಾಸ್ತಿಯವರ ನಾಟಕದಿಂದ ಬಂದದ್ದು. ರಂಗಭೂಮಿಯ ನುಡಿ ಅವರ ಗಾಯನದಲ್ಲಿ ಕಡೆಯವರೆಗೂ ಉಳಿಯಿತು: ಪದದ ಯಾವ ಅಕ್ಷರಕ್ಕೆ ಒತ್ತು, ಎಲ್ಲಿ ಉಸಿರು, ಎಲ್ಲಿ ಮಾತಿಗೆ ಇಳಿಯುವುದು. ಅದನ್ನು ಬಿಟ್ಟು ಬರೆದ ಸ್ವರಲಿಪಿ ಅರ್ಧ ಹಾಡು.

ಹಾಗಾಗಿ ಈಗ ಮೂರನೇ ಸಾಲು ಸೇರಿದೆ. ಉಸಿರಿಗೆ ಅಲ್ಪವಿರಾಮ, ಒತ್ತಿಗೆ ಅಡಿಗೆರೆ, ಮಾತಿನಂತೆ ಬಿಡುವ ಕಡೆ ಸ್ವರದ ಸುತ್ತ ಆವರಣ. ಜಿ.ಎಸ್. ಶಿವರುದ್ರಪ್ಪನವರ 'ಕಾಣದ ಕಡಲಿಗೆ' ಹೀಗೆ ಬರೆಯಲು ಏಳು ಗಂಟೆ ಹಿಡಿಯಿತು. ಶ್ರಮಕ್ಕೆ ತಕ್ಕ ಫಲ ಸಿಕ್ಕಿತು. ಹೊಸಬರು ಎರಡನೇ ಸಲಕ್ಕೇ ಉಸಿರಿನ ಜಾಗ ಹಿಡಿದರು.

ಶಿಶುನಾಳ ಶರೀಫರ ತತ್ವಪದಗಳಲ್ಲಿ ಬೇರೆ ತೊಡಕು. ಹಾಸನದ ನಾಲಿಗೆ 'ಮಾಳಿಗಿ'ಯನ್ನು ತಾನಾಗಿ 'ಮಾಳಿಗೆ' ಮಾಡುತ್ತದೆ. ಶಿಶುನಾಳದ ನುಡಿ ಹೋದರೆ ಪ್ರಾಸವೂ ಸ್ವರಾಂತ್ಯವೂ ಕೆಡುತ್ತವೆ. 'ಇ'ಕಾರದ ಮೇಲೆ ನಿಲ್ಲುವ ಸ್ವರ ಮೊನಚು, 'ಎ'ಕಾರದ್ದು ಅಗಲ. ಸಾಹಿತ್ಯದ ಹಾಳೆಯಲ್ಲಿ ಇಂಥ ಕೊನೆಯಕ್ಷರಗಳಿಗೆಲ್ಲ ಕೆಂಪು ಗುರುತು ಹಾಕಿದೆ.

ಸೆಪ್ಟೆಂಬರ್: ವೃಂದ

ಹಾರ್ಮೋನಿಯಂ, ತಬಲಾ, ಢೋಲಕ್, ಕೊಳಲು, ಪಿಟೀಲು, ಮ್ಯಾಂಡೊಲಿನ್, ಕೀಬೋರ್ಡ್. ಶರೀಫರ ಪದಗಳಿಗೆ ಕೀಬೋರ್ಡ್ ಎದ್ದು ಏಕತಾರಿ ಕೂರುತ್ತದೆ. ಗಂಡು ದನಿ ಒಂದೂವರೆ ಮನೆ, ಹೆಣ್ಣು ದನಿ ಐದೂವರೆ. ಒಂದೇ ತಬಲಾ ಎರಡಕ್ಕೂ ಎಳೆದರೆ ಚರ್ಮ ಹರಿಯುತ್ತದೆ, ಇಲ್ಲವೇ ನಾದ ಸತ್ತುಹೋಗುತ್ತದೆ. ಬಲಗೈಗೆ ಎರಡು ತಬಲಾ ಶ್ರುತಿ ಮಾಡಿಟ್ಟು, ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಜೋಡಿಸುವುದು ಸರಿಹೋಯಿತು. ಕೊಳಲೂ ಎರಡು ಬೇಕು.

ಕೀಬೋರ್ಡಿನ ಉದ್ದನೆಯ ತಂತಿನಾದ ಸಾಹಿತ್ಯವನ್ನು ನುಂಗುತ್ತಿತ್ತು. ಹಾಡಿನ ಸಾಲು ನಡೆಯುವಾಗ ಅದು ಸುಮ್ಮನಿರಬೇಕು, ಚರಣಗಳ ನಡುವಿನ ವಾದ್ಯಭಾಗದಲ್ಲಿ ಮಾತ್ರ ಬರಬೇಕು ಎಂದು ಹಾಳೆಯಲ್ಲೇ ಬರೆದದ್ದಾಗಿದೆ. ತಬಲಾದ ತಿಹಾಯಿಯೂ (ಒಂದೇ ನುಡಿಯನ್ನು ಮೂರು ಸಲ ನುಡಿಸಿ ಮುಗಿಸುವುದು) ಪದ ಮುಗಿದ ಮೇಲೆಯೇ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅಶ್ವತ್ಥ್ ದೊಡ್ಡ ಗಾಯಕ ಸಮೂಹವನ್ನು ನಡೆಸಿದರು. ನಮ್ಮದು ಹನ್ನೆರಡೇ ದನಿ. ಆದರೂ ಎಲ್ಲರೂ ಒಟ್ಟಿಗೆ 'ಸ' ಅಂದರೆ ಪದ ಬುಸುಗುಡುತ್ತದೆ. ಸಾಲಿನ ಕೊನೆಯ 'ಸ', 'ಶ' ಇಬ್ಬರಿಗೆ ಮಾತ್ರ, ಉಳಿದವರು ಸ್ವರ ಹಿಡಿದು ನಿಲ್ಲುವುದು ಎಂದು ಮಾಡಿದ ಮೇಲೆ ಮಾತು ಬಿಡಿಬಿಡಿಯಾಗಿ ಕೇಳಿತು.

ನಾಡಗೀತೆಯ ವಿಷಯದಲ್ಲಿ ಒಂದು ಎಚ್ಚರ. ಸರ್ಕಾರ 2022ರಲ್ಲಿ ಒಪ್ಪಿದ್ದು ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡಿನೊಳಗೆ. ಕಾರ್ಯಕ್ರಮದ ಆರಂಭಕ್ಕೆ ಅದೇ. ಅಶ್ವತ್ಥ್ ಧಾಟಿಯ ಕುವೆಂಪು ಗೀತೆಗಳು ನಡುವೆ, ಭಾವಗೀತೆಗಳ ಸಾಲಿನಲ್ಲಿ.

ಬೂಸ್ಟಿನ ಮೂರು ಕ್ಯಾಸೆಟ್ ಇನ್ನೂ ಡಬ್ಬದಲ್ಲಿವೆ. ಒಂದರ ಟೇಪ್ ಪದರಗಳು ಅಂಟಿಕೊಂಡಿವೆ. ಸುತ್ತಲು ಹೋದರೆ ಲೇಪ ಕಿತ್ತುಬರುತ್ತದೆ. ಮಳೆ ಪೂರ್ತಿ ಹೊಳವಾಗಿ ಗಾಳಿ ಒಣಗುವವರೆಗೆ ಅದನ್ನು ಮುಟ್ಟುವುದಿಲ್ಲ. ಅಷ್ಟರಲ್ಲಿ ಹತ್ತನೇ ಹಾಡಿನ ಮೂರನೇ ಸಾಲು ಬರೆದಾಗಬೇಕು.